ಶಿರಸಿ ಕಡೆ ನಾಲ್ಕು ದನ ಇರುವ ಮನೆ ಗೋಬರ್ ಗ್ಯಾಸ್ ನಂಬಿ ಸಿಲಿಂಡರ್ ಬಿಡಬಹುದೇ?

ದನ ಎಷ್ಟು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಗಣಿ ಕೈಗೆ ಸಿಗುತ್ತದೆ ಅನ್ನುವುದು ಮುಖ್ಯ. 25 ಕೆಜಿ ಹಸಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್ ಬರುತ್ತದೆ, ಅದು 0.45 ಕೆಜಿ ಎಲ್‌ಪಿಜಿಗೆ ಸಮ. 2 ಘನ ಮೀಟರಿನ ಘಟಕಕ್ಕೆ ದಿನಾ 50 ಕೆಜಿ ಬಿದ್ದರೆ ತಿಂಗಳಿಗೆ ಹೆಚ್ಚುಕಡಿಮೆ ಎರಡು ಸಿಲಿಂಡರ್ ಉಳಿದಂತೆ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ನಾಲ್ಕು ಜರ್ಸಿ ಆಕಳಿದ್ದರೆ ಇದು ಸಾಧ್ಯ. ಬೆಟ್ಟಕ್ಕೆ ಮೇಯಲು ಹೋಗುವ ಮಲೆನಾಡು ಗಿಡ್ಡ ತಳಿಯ ದನ ಆದರೆ ಆಗದು: ಮೈಯೂ ಸಣ್ಣದು, ಅರ್ಧ ಸಗಣಿ ಬೆಟ್ಟದಲ್ಲೇ ಬೀಳುತ್ತದೆ. ಆಗ ಚಿಕ್ಕ ಘಟಕವೇ ಸರಿ, ಸಿಲಿಂಡರ್ ಜೊತೆಗಿರಲಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆ ಉಣಿಸಬೇಡಿ.

ಸಗಣಿಗೆ ಅಷ್ಟೇ ನೀರು ಸೇರಿಸಿ, ಗಂಟಿಲ್ಲದಂತೆ ಕದಡಿ. ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕು (ಒಣ ಎಲೆ) ಸೇರಿದರೆ ಅದು ಮೇಲೆ ತೇಲಿ ಗಟ್ಟಿ ಪದರವಾಗಿ ಗ್ಯಾಸನ್ನು ತಡೆಯುತ್ತದೆ. ನಮ್ಮ ಕಡೆ ಘಟಕ ಕೆಡಲು ಇದೇ ದೊಡ್ಡ ಕಾರಣ. ಫಿನಾಯಿಲ್ ಹಾಕಿ ತೊಳೆದ ನೀರನ್ನು ಒಳಗೆ ಬಿಡಲೇಬಾರದು, ಬ್ಯಾಕ್ಟೀರಿಯಾ ಸಾಯುತ್ತವೆ. ಮಳೆಗಾಲದಲ್ಲಿ ಸಗಣಿ ಹಾಕುವ ಗುಂಡಿ, ಅದು ಹೊರಬರುವ ಗುಂಡಿ ಎರಡನ್ನೂ ಮುಚ್ಚಿಡಿ. ಮಳೆನೀರು ಸೇರಿದರೆ ಸಗಣಿ ಕೊಳೆಯುವ ಮೊದಲೇ ಹೊರಬರುತ್ತದೆ.

ಉರಿ ಬಿಟ್ಟುಬಿಟ್ಟು ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ. ಪೈಪಿಗೆ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಬಿಡಲು ನಲ್ಲಿ ಹಾಕಿಸಿ. ಒಲೆಯೂ ಬೇರೆಯೇ ಬೇಕು, ಎಲ್‌ಪಿಜಿ ಒಲೆಯ ಜೆಟ್ ತೂತು ಇದಕ್ಕೆ ತೀರ ಸಣ್ಣದು. ಡಿಸೆಂಬರ್–ಜನವರಿಯ ಚಳಿಗೆ ಗ್ಯಾಸ್ ಇಳಿಯುವುದರಿಂದ ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿರಲಿ.