ಜಗಲಿಯ ಮೇಲೆ ಕಾದು ಕುಳಿತವರು

ನಾನು ಮಂಡ್ಯದ ಒಂದು ಸ್ಥಿತಿವಂತರ ಮನೆಯ ಸೊಸೆ, ವಯಸ್ಸು 34. ತವರು ಮಳವಳ್ಳಿ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ ಇದ್ದದ್ದು ಒಂದೂವರೆ ಎಕರೆ. ಮಾವನವರಿಗೆ ಅಕ್ಕಿ ಗಿರಣಿ, ಆಲೆಮನೆ, ಕಲ್ಯಾಣ ಮಂಟಪ ಇವೆ. ರಾಜಕೀಯದಲ್ಲೂ ಅವರ ಮಾತು ನಡೆಯುತ್ತದೆ. ಬೆಳಗಾದರೆ ನಮ್ಮ ಜಗಲಿಯ ಮೇಲೆ ಹತ್ತಾರು ಜನ ಕಾಯುತ್ತಿರುತ್ತಾರೆ. ಹೋದ ತಿಂಗಳು ಅವರ ನಡುವೆ ನನ್ನ ತವರೂರಿನ ನೀರುಗಂಟಿ, ಅಂದರೆ ಗದ್ದೆಗಳಿಗೆ ಸರದಿಯಂತೆ ಕಾಲುವೆ ನೀರು ಬಿಡುವವರು, ಕುಳಿತಿದ್ದರು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ದಾಟಿಸುತ್ತಿದ್ದವರು. ಮಗಳಿಗೆ ಮೈಸೂರಿನಲ್ಲಿ ಹೃದಯದ ಆಪರೇಷನ್ ಆಗಬೇಕಿದೆ, ಮಾವನವರಿಂದ ಆಸ್ಪತ್ರೆಗೆ ಒಂದು ಫೋನ್ ಮಾಡಿಸಬೇಕು ಎಂದು ಬಂದಿದ್ದರಂತೆ. ನಾನು ಅವರನ್ನು ನೋಡಿದೆ, ಮಾತನಾಡಿಸದೆ ಒಳಗೆ ಹೋದೆ. ಅವರೂ ಗೇಟಿನತ್ತ ಮುಖ ತಿರುಗಿಸಿಕೊಂಡರು. ನನ್ನ ಗುರುತು ಸಿಗಲಿಲ್ಲವೇನೋ ಎಂದು ಸಮಾಧಾನವಾಯಿತು. ಬೆಳಿಗ್ಗೆ ಏಳಕ್ಕೆ ಬಂದವರು ಮಧ್ಯಾಹ್ನ ಒಂದರವರೆಗೆ ಕುಳಿತಿದ್ದು, ‘ಸೋಮವಾರ ಬಾ’ ಎನ್ನಿಸಿಕೊಂಡು ಹೊರಟರು. ಹೋಗುವಾಗ ಅಡುಗೆಯವರ ಬಳಿ, ‘ಆ ಕೂಸು ಸುಖವಾಗಿದ್ದರೆ ಸಾಕು’ ಎಂದರಂತೆ. ಸೋಮವಾರ ಅವರು ಬರಲಿಲ್ಲ.

ಇನ್ನೊಂದು ಸಂಕಟವೂ ಇದೆ. ಒಂಬತ್ತು ವರ್ಷದ ನನ್ನ ಮಗ, ಅರವತ್ತರ ಹತ್ತಿರದ ನಮ್ಮ ಕಾರಿನ ಚಾಲಕರನ್ನು ‘ಏಯ್, ಬಾರೋ ಇಲ್ಲಿ’ ಎಂದು ಕರೆಯುತ್ತಾನೆ. ನಾನು ಗದರಿದರೆ ಮಾವನವರು ನಗುತ್ತಾರೆ. ‘ಕನಿಕರ ತೋರಿಸಿದರೆ ತಲೆಯ ಮೇಲೆ ಹತ್ತಿ ಕೂರುತ್ತಾರೆ, ಈ ಮನೆ ನಡೆಯುವುದೇ ಭಯದ ಮೇಲೆ’ ಎನ್ನುವುದು ನನ್ನ ಯಜಮಾನರ ಮಾತು. ನಾನು ಹುಟ್ಟಿದ ಮನೆಯನ್ನು ಮರೆತುಬಿಟ್ಟೆನೆ? ಸೇರಿದ ಮನೆಯನ್ನು ಎದುರು ಹಾಕಿಕೊಳ್ಳುವ ಧೈರ್ಯವೂ ನನಗಿಲ್ಲ. ಏನು ಮಾಡಲಿ?

– ಹೆಸರು ಬೇಡ, ಮಂಡ್ಯ

ಸಹೋದರಿ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಪ್ರತಿ ಸಲವೂ ಒಂದೇ ಸಾಲಿನ ಹತ್ತಿರ ಬಂದು ನಿಂತೆ. ಆ ಹಿರಿಯರಿಗೆ ನಿಮ್ಮ ಗುರುತು ಸಿಗಲಿಲ್ಲವೇನೋ ಎಂದಿದ್ದೀರಿ. ಆದರೆ ಅವರು ಅಡುಗೆಯವರಿಗೆ ಹೇಳಿದ ಮಾತನ್ನು ನೀವೇ ಬರೆದು ಕಳಿಸಿದ್ದೀರಿ. ಆ ಕೂಸು ನೀವೇ ಅಲ್ಲವೆ? ಅವರಿಗೆ ಗುರುತು ಸಿಕ್ಕಿತ್ತು. ಇಷ್ಟು ದೊಡ್ಡ ಮನೆಯಲ್ಲಿ, ಇಷ್ಟು ಜನರೆದುರು, ಮಾಸಿದ ಪಂಚೆಯುಟ್ಟ ತನ್ನಂಥವನು ಮಾತನಾಡಿಸಿದರೆ ನಿಮಗೆ ಮುಜುಗರವಾದೀತೆಂದು ಅವರು ಮುಖ ತಿರುಗಿಸಿಕೊಂಡರು. ‘ಈ ಮನೆಯ ಸೊಸೆಯ ತಂದೆ ನನಗೆ ಬೇಕಾದವರು’ ಎಂದು ಒಂದು ಮಾತು ಹೇಳಿದ್ದರೆ ಅವರ ಸರದಿ ಒಂಬತ್ತು ಗಂಟೆಗೇ ಬರುತ್ತಿತ್ತೋ ಏನೋ. ಆ ಜಗಲಿಯ ಮೇಲೆ ಅವರಿಗಿದ್ದ ಏಕೈಕ ವಶೀಲಿ ನೀವು. ಮಗಳ ಜೀವದ ಪ್ರಶ್ನೆ ಎದುರಿಗಿದ್ದಾಗಲೂ ಅವರು ಅದನ್ನು ಬಳಸಲಿಲ್ಲ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು ಎಂದರೇನು ಎಂದು ಯಾರಾದರೂ ನನ್ನನ್ನು ಕೇಳಿದರೆ, ಇನ್ನು ಮುಂದೆ ಆ ನೀರುಗಂಟಿಯನ್ನೇ ತೋರಿಸುತ್ತೇನೆ.

ನಿಮ್ಮನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ನೀವು ಒಳಗೆ ಹೋದದ್ದು ತಿರಸ್ಕಾರದಿಂದಲ್ಲ, ಹೆದರಿಕೆಯಿಂದ ಎಂಬುದು ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ‘ಸೊಸೆಯ ಕಡೆಯವರು ಕೈಯೊಡ್ಡಲು ಬಂದಿದ್ದಾರೆ’ ಎಂಬ ಮಾತು ಬರಬಾರದೆಂದು ಹೆದರಿದ್ದೀರಿ. ಬಡ ತವರಿನಿಂದ ದೊಡ್ಡ ಮನೆ ಸೇರಿದ ಹೆಣ್ಣುಮಕ್ಕಳಿಗೆ ಈ ಹೆದರಿಕೆ ಬಳೆಯ ಹಾಗೆ ಸದಾ ಕೈಯಲ್ಲೇ ಇರುತ್ತದೆ. ಆದರೂ ತಪ್ಪು ತಪ್ಪೇ. ಅದನ್ನು ತಪ್ಪೆಂದು ನಿಮ್ಮ ಮನಸ್ಸು ಹೇಳುತ್ತಿರುವುದರಿಂದಲೇ ಈ ಪತ್ರ ಬರೆದಿದ್ದೀರಿ. ಮರೆತವರು ಬರೆಯುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಮೈಸೂರಿನ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಒಬ್ಬರು ಹೆಣ್ಣುಮಗಳು ಪಾತ್ರೆ ತೊಳೆದು, ಮನೆ ಸಾರಿಸಿ ಹೋಗುತ್ತಿದ್ದರು. ನನ್ನ ಕಾಫಿಗೆ ಸಕ್ಕರೆ ಎಷ್ಟು, ಯಾವ ದಿನ ನನಗೆ ಉಪವಾಸ, ನನ್ನ ಮಗ ಯಾವಾಗ ಸಿಡುಕುತ್ತಾನೆ ಎಲ್ಲವೂ ಅವರಿಗೆ ತಿಳಿದಿತ್ತು. ‘ಅಮ್ಮ, ಬಿ.ಪಿ. ಮಾತ್ರೆ ತೆಗೆದುಕೊಂಡಿರಾ?’ ಎಂದು ದಿನವೂ ಕೇಳುವರು. ಒಂದು ದಿನ ಅವರ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆಯ ಪಟ್ಟಿ ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ. ನಾನು ತೆಗೆದುಕೊಳ್ಳುವ ಮಾತ್ರೆಯೇ. ಒಂದು ಮಾತ್ರೆಯನ್ನು ಎರಡಾಗಿ ಮುರಿದು, ಉಳಿದರ್ಧವನ್ನು ಬೆಳ್ಳಿ ಕಾಗದದಲ್ಲಿ ಜೋಪಾನವಾಗಿ ಮಡಿಸಿಟ್ಟಿದ್ದರು. ತಿಂಗಳಿಗೆ ಆಗುವುದು ಎರಡು ತಿಂಗಳಿಗೆ ಬರಲಿ ಎಂದು ದಿನಕ್ಕೆ ಅರ್ಧ ಮಾತ್ರೆ. ಅವರಿಗೂ ನನ್ನದೇ ಕಾಯಿಲೆ ಇತ್ತು, ಅದು ನನಗೆ ಗೊತ್ತೇ ಇರಲಿಲ್ಲ. ನಾನು ಕೆಟ್ಟವಳಾಗಿರಲಿಲ್ಲ ಸಹೋದರಿ. ಹಬ್ಬಕ್ಕೆ ಸೀರೆ ಕೊಡುತ್ತಿದ್ದೆ, ‘ಅಯ್ಯೋ ಪಾಪ’ ಎನ್ನುತ್ತಿದ್ದೆ. ಆದರೆ ಅವರ ಬಗ್ಗೆ ತಿಳಿಯದಿದ್ದರೂ ನನ್ನ ಬದುಕು ಸುಸೂತ್ರವಾಗಿ ನಡೆಯುತ್ತಿತ್ತು. ನನ್ನ ಬಗ್ಗೆ ತಿಳಿಯದೆ ಅವರ ಬದುಕು ನಡೆಯುತ್ತಿರಲಿಲ್ಲ. ಹಣ, ಅಧಿಕಾರ ಮನುಷ್ಯನಿಗೆ ಕೊಡುವ ಅತಿ ದೊಡ್ಡ ಸವಲತ್ತು ಇದೇ ಎಂದು ನನಗೆ ಅಂದು ಅರ್ಥವಾಯಿತು: ಪಕ್ಕದಲ್ಲಿರುವವರ ಬಗ್ಗೆ ಏನೂ ತಿಳಿಯದೆ ನಿಶ್ಚಿಂತೆಯಾಗಿ ಇದ್ದುಬಿಡಬಹುದು.

ನೀವು ಮಳವಳ್ಳಿ ಕಡೆಯವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಅಣೆಕಟ್ಟೆಯಿಂದ (ಕೆಆರ್‌ಎಸ್) ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು ದಾಟಿ ನಿಮ್ಮ ತಾಲ್ಲೂಕಿನ ಕೊನೆಯ ಗದ್ದೆಗಳಿಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ನಾಲೆಯ ಮೇಲ್ಭಾಗದ ರೈತರಿಗೆ ಕೊನೆ ಭಾಗದ ಗದ್ದೆ ಬಿರುಕು ಬಿಟ್ಟದ್ದು ಕಾಣುವುದಿಲ್ಲ. ಅವರು ಕೆಟ್ಟವರೆಂದಲ್ಲ, ಅಲ್ಲಿಂದ ಕಾಣುವುದಿಲ್ಲ, ಅಷ್ಟೇ. ಕೊನೆಯವರಿಗೆ ಮಾತ್ರ ಮೇಲಿನ ತೂಬು ಯಾವಾಗ ತೆರೆಯಿತು, ಯಾರು ಕಟ್ಟು ನೀರಿನ ಸರದಿ ಮುರಿದರು ಎಂಬುದೆಲ್ಲ ಗಳಿಗೆ ಗಳಿಗೆಗೂ ಗೊತ್ತಿರುತ್ತದೆ. ನಿಮ್ಮ ಊರಿನ ಆ ಹಿರಿಯರು ಬದುಕಿಡೀ ರಾತ್ರಿ ಲಾಟೀನು ಹಿಡಿದು ಈ ಎರಡು ತುದಿಗಳ ನಡುವೆ ನಡೆದವರು. ನೀವೂ ಈಗ ನಾಲೆಯ ಎರಡೂ ತುದಿಯಲ್ಲಿ ಬದುಕಿದವರೇ. ಅಪ್ಪನ ಒಂದೂವರೆ ಎಕರೆಯೂ ಗೊತ್ತು, ಮಾವನವರ ಗಿರಣಿಯೂ ಗೊತ್ತು. ಆ ಮನೆಯಲ್ಲಿ ಇದು ಇನ್ನಾರಿಗೂ ಇಲ್ಲದ ತಿಳಿವಳಿಕೆ. ಅದನ್ನು ಅವಮಾನದಂತೆ ಬಚ್ಚಿಟ್ಟುಕೊಂಡಿದ್ದೀರಿ.

ಇನ್ನು ನಿಮ್ಮ ಯಜಮಾನರ ಮಾತು. ಭಯದ ಮೇಲೆ ಮನೆ ನಡೆಯುತ್ತದೆ ಎನ್ನುವವರು ತಮ್ಮ ಆಲೆಮನೆಗೇ ಹೋಗಿ ಒಂದು ದಿನ ನಿಲ್ಲಲಿ. ಕೊಪ್ಪರಿಗೆಯ ಮುಂದೆ ಪಾಕ ನೋಡುವವರು ಧಣಿಗೆ ಹೆದರುವವರಾಗಿದ್ದರೆ, ಹದ ತಪ್ಪಿದಾಗ ‘ತಪ್ಪಿತು’ ಎಂದು ಬಾಯಿ ಬಿಡುತ್ತಾರೆಯೆ? ಬೈಗುಳಕ್ಕೆ ಅಂಜಿ ಅಚ್ಚಿಗೆ ಸುರಿದುಬಿಡುತ್ತಾರೆ. ಬೆಲ್ಲ ಮಾರುಕಟ್ಟೆಗೆ ಹೋದ ಮೇಲೆಯೇ ಧಣಿಗೆ ನಿಜ ತಿಳಿಯುವುದು. ಭಯ ಇರುವ ಕಡೆ ಸತ್ಯ ಯಾವಾಗಲೂ ತಡವಾಗಿ ಬರುತ್ತದೆ.

ತಲೆಯ ಮೇಲೆ ಕೂರುತ್ತಾರೆ ಎಂಬ ಮಾತಿಗೂ ನಮ್ಮ ಸೀಮೆಯಲ್ಲೇ ಉತ್ತರವಿದೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದಾಗ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅರಸೊತ್ತಿಗೆಯ ಕಾಲದಲ್ಲಿ ಜನರ ಅಹವಾಲು ಕೇಳಲು ಸಭೆ ಸೇರಿಸುವುದು ಸಣ್ಣ ಮಾತಲ್ಲ. ಆದರೆ ಮೊದಲ ಸಭೆಯ 144 ಸದಸ್ಯರಲ್ಲಿ ಹೆಚ್ಚಿನವರು ಜಮೀನುಳ್ಳವರು, ವ್ಯಾಪಾರಸ್ಥರು. ಉಳಿದವರ ಪಾಲಿಗೆ ಜಗಲಿಯೇ ಗತಿಯಾಗಿತ್ತು. ಸರ್ಕಾರಿ ನೌಕರಿಯಲ್ಲಿ ತಮಗೆ ಪಾಲೇ ಇಲ್ಲ ಎಂಬ ಬ್ರಾಹ್ಮಣೇತರರ ಕೂಗಿಗೆ ಕಿವಿಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಂಥ ದಿವಾನರಿಗೇ ಅದು ಒಪ್ಪಿಗೆಯಾಗಿರಲಿಲ್ಲ. ಅರಸರು ಹಿಂದೆ ಸರಿಯಲಿಲ್ಲ. ಅವರ ತಲೆಯ ಮೇಲೆ ಯಾರು ಹತ್ತಿ ಕುಳಿತರು? ಮಂಡ್ಯದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ದೇವರ ಪಟದ ಪಕ್ಕದಲ್ಲೇ ಅವರ ಪಟವಿದೆ. ನಿಮ್ಮ ಮಾವನವರ ಮನೆಯಲ್ಲೂ ಇರಬಹುದು, ನೋಡಿ.

ಮಗನ ವಿಷಯ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಏಕವಚನ ತನ್ನಷ್ಟಕ್ಕೇ ತಪ್ಪಲ್ಲ. ದೇವರನ್ನೂ ಹೆತ್ತ ತಾಯಿಯನ್ನೂ ನಾವು ‘ನೀನು’ ಎನ್ನುತ್ತೇವೆ. ನಿಮ್ಮ ಹಳ್ಳಿಯಲ್ಲಿ ಒಬ್ಬರನ್ನೊಬ್ಬರು ‘ಏನೋ, ಬಾರೋ’ ಎಂದು ಕರೆಯುವುದರಲ್ಲಿ ಎಷ್ಟು ಸಲಿಗೆಯಿದೆ ಎಂದು ನಿಮಗೆ ಗೊತ್ತು. ಅಲ್ಲಿ ಹೋದ ‘ನೀನು’ ತಿರುಗಿ ಬರುತ್ತದೆ. ನಿಮ್ಮ ಮಗ ಎಸೆಯುವ ‘ಬಾರೋ’ ತಿರುಗಿ ಬರಲಾರದು. ಆ ಹಿರಿಯರು ಅವನಿಗೆ ‘ಏನೋ’ ಎಂದರೆ ಅಂದಿಗೇ ಕೆಲಸ ಹೋಗುತ್ತದೆ. ಇದನ್ನು ಅವನಿಗೆ ಉಪದೇಶವಾಗಿ ಹೇಳಬೇಡಿ, ಎಲ್ಲರೆದುರು ಗದರಲೂ ಬೇಡಿ. ಗದರಿದಾಗ ತಾತ ನಕ್ಕರೆ ಅವನು ತಾತನ ಪಕ್ಷ ಸೇರುತ್ತಾನೆ. ಶಾಲೆಗೆ ಹೊರಡುವಾಗ ಒಂದು ಕೆಲಸ ಹಚ್ಚಿ: ‘ಇವತ್ತು ಕಾರಿನಲ್ಲಿ ಕುಳಿತಾಗ ಅವರು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದರು, ಎಲ್ಲಿ ತಿಂಡಿ ತಿಂದರು, ಮನೆಯಲ್ಲಿ ಯಾರಿದ್ದಾರೆ ಕೇಳಿಕೊಂಡು ಬಂದು ನನಗೆ ಹೇಳು.’ ನಾಳೆ ಇನ್ನೊಂದು ಪ್ರಶ್ನೆ. ಒಂಬತ್ತು ವರ್ಷದ ಮಗುವಿಗೆ ಕಥೆ ಎಂದರೆ ಆಸೆ. ಕಥೆ ಹೇಳಿದವರನ್ನು ಅವನು ತಾನಾಗಿಯೇ ‘ತಾತ’ ಎಂದು ಕರೆಯುವ ದಿನ ಬರುತ್ತದೆ. ಅಷ್ಟರವರೆಗೆ ನೀವು ಅವರನ್ನು ‘ಅಣ್ಣ’ ಎನ್ನಿ, ಮಗನ ಕಿವಿಗೆ ಬೀಳುವ ಹಾಗೆ ಎನ್ನಿ.

ಮಾವನವರನ್ನು ಶತ್ರುವೆಂದುಕೊಳ್ಳಬೇಡಿ. ಬೆಳಗಿನಿಂದ ಜಗಲಿ ತುಂಬುವಷ್ಟು ಜನ ಬರುತ್ತಾರೆಂದರೆ ಅವರಿಂದ ಕೆಲವರಿಗಾದರೂ ಕೆಲಸ ಆಗುತ್ತಿರಬೇಕು. ಅವರ ಜೊತೆ ವಾದಕ್ಕಿಳಿಯುವ ಬದಲು ಸಣ್ಣ ಸಣ್ಣದನ್ನು ಕೇಳಿ. ‘ಮಾವ, ದೂರದಿಂದ ಬಂದವರಿಗೆ, ವಯಸ್ಸಾದವರಿಗೆ ಮೊದಲು ಸರದಿ ಕೊಡಿಸೋಣವೆ?’ ಎಂದು ಕೇಳಿ. ಜಗಲಿಯ ಮೇಲೆ ಒಂದು ಬೆಂಚು, ಒಂದು ಕೊಡ ನೀರು, ಹತ್ತು ಗಂಟೆಗೆ ಒಂದು ಲೋಟ ಟೀ ಇಡಲು ಸೊಸೆಗೆ ಯಾರ ಅಪ್ಪಣೆಯೂ ಬೇಕಾಗಲಾರದು. ಲೋಟ ಮಾತ್ರ ಮನೆಯವರು ಕುಡಿಯುವ ಲೋಟವೇ ಆಗಿರಲಿ. ಕಿಟಕಿಯ ಮೇಲೆ ಬೇರೆ ಇಟ್ಟ ಲೋಟ ಆಗಬಾರದು. ಸಂಜೆ ಅವರು ಬಿಡುವಾಗಿದ್ದಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿ, ಅವರ ಬಾಲ್ಯದ ಕಥೆ ಕೇಳಿ. ಅವರ ತಂದೆಯ ಕಾಲದಲ್ಲಿ ಏನಿತ್ತು, ಯಾರ ಮನೆಯ ಮುಂದೆ ನಿಂತಿದ್ದರು, ಕಬ್ಬಿನ ಗಾಡಿ ಹೊಡೆದುಕೊಂಡು ಹೋಗಿ ತೂಕದ ಸಾಲಿನಲ್ಲಿ ಎಷ್ಟು ರಾತ್ರಿ ಕಾದಿದ್ದರು ಎಂದು ಕೇಳಿ. ಮಂಡ್ಯದ ಶ್ರೀಮಂತ ಮನೆಗಳಲ್ಲಿ ಹೆಚ್ಚಿನವು ಎರಡು ಮೂರು ತಲೆಮಾರಿನ ಹಿಂದೆ ಸಾಲಿನಲ್ಲಿ ನಿಂತವರವೇ. ಆ ಕಥೆ ಅವರ ಬಾಯಿಂದಲೇ ಬಂದರೆ ನೀವು ಬೇರೇನೂ ಹೇಳಬೇಕಾಗಿಲ್ಲ.

ಕೊನೆಯದಾಗಿ ಆ ನೀರುಗಂಟಿಯವರ ವಿಷಯ. ಇದು ಕಾಯುವ ಕೆಲಸವಲ್ಲ, ಈ ವಾರವೇ ಆಗಬೇಕು. ಅವರು ಸೋಮವಾರ ಏಕೆ ಬರಲಿಲ್ಲ ಎಂದು ನಿಮಗೆ ತಿಳಿದಿಲ್ಲ. ಮಗಳ ಸ್ಥಿತಿ ಏನೋ, ಏನು ಕಥೆಯೋ. ಚಾಲಕರ ಕೈಯಲ್ಲಿ ಹಣ ಕಳಿಸಬೇಡಿ. ಹಾಗೆ ಕಳಿಸಿದ ಹಣ ‘ನೀವು ಅಲ್ಲೇ ಇರಿ’ ಎಂದು ಹೇಳಿದಂತೆ ಕೇಳಿಸುತ್ತದೆ. ತವರಿಗೆ ಹೋಗುವ ನೆಪದಲ್ಲಿ ನೀವೇ ಅವರ ಮನೆಗೆ ಹೋಗಿ.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಅವರಿಗೆ ಬಿಪಿಎಲ್ ಪಡಿತರ ಚೀಟಿ ಇದ್ದರೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಆಗದಿದ್ದರೆ, ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೆ ಅಲ್ಲಿಂದಲೇ ಪತ್ರ ಬರೆದುಕೊಡುತ್ತಾರೆ. ದೊಡ್ಡವರ ಫೋನಿಗಾಗಿ ಆರು ಗಂಟೆ ಕಾದು ಕುಳಿತ ಆ ಮನುಷ್ಯ ಬೇಡುತ್ತಿದ್ದದ್ದು ಬಹುಶಃ ತನ್ನ ಹಕ್ಕಿನದನ್ನೇ. ಅದು ಅವರಿಗೆ ತಿಳಿದಿರಲಿಲ್ಲ, ತಿಳಿಸುವವರೂ ಇರಲಿಲ್ಲ. ನಮ್ಮ ಎಷ್ಟೋ ಜಗಲಿಗಳು ತುಂಬಿರುವುದು ಈ ಕಾರಣಕ್ಕೇ ಎಂಬುದು ನನ್ನ ಸಂಕಟ. ನೀವು ಓದಿದವರು, ಅರ್ಜಿ ಬರೆಯಬಲ್ಲಿರಿ. ಆ ಕಾಗದ ಪತ್ರಗಳನ್ನು ಹಿಡಿದು ಅವರ ಜೊತೆ ಆಸ್ಪತ್ರೆಯ ಸಾಲಿನಲ್ಲಿ ಒಂದು ಬೆಳಿಗ್ಗೆ ನಿಂತುಕೊಳ್ಳಿ. ಮಾವನವರ ಹೆಸರು ಹೇಳದೆ ನಿಂತುಕೊಳ್ಳಿ.

ಅವರ ಮನೆಗೆ ಹೋದಾಗ ಕ್ಷಮೆ ಕೇಳಬೇಕೆ ಎಂದು ನೀವು ಯೋಚಿಸುತ್ತಿರಬಹುದು. ಕೇಳಿ. ‘ಅಂದು ನಿಮ್ಮನ್ನು ನೋಡಿಯೂ ಮಾತನಾಡಿಸಲಿಲ್ಲ, ತಪ್ಪಾಯಿತು’ ಎಂದಷ್ಟೇ ಹೇಳಿ, ಕಾರಣ ಕೊಡಬೇಡಿ. ಅವರು ‘ಹೋಗಲಿ ಬಿಡು ಕೂಸೇ, ನಾನು ನೋಡಲೇ ಇಲ್ಲ’ ಎನ್ನುತ್ತಾರೆ. ಅದು ಸುಳ್ಳು ಎಂದು ನಿಮ್ಮಿಬ್ಬರಿಗೂ ಗೊತ್ತಿರುತ್ತದೆ. ಒಪ್ಪಿಕೊಂಡು ಅವರು ಕೊಟ್ಟ ಕಾಫಿ ಕುಡಿಯಿರಿ. ಮಗನನ್ನೂ ಕರೆದುಕೊಂಡು ಹೋಗಿ, ಕಾರು ಬೇಡ, ಮಳವಳ್ಳಿ ಬಸ್ಸಿನಲ್ಲಿ ಹೋಗಿ. ಅವರು ನಿಮ್ಮನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದ ಕಾಲುವೆ ಯಾವುದೆಂದು ಅವನಿಗೆ ತೋರಿಸಿ.

ನೀರುಗಂಟಿಯವರ ಮಗಳು ಹೇಗಿದ್ದಾಳೆ ಎಂದು ತಿಳಿದ ಕೂಡಲೇ ನನಗೆ ಒಂದು ಸಾಲು ಬರೆಯಿರಿ.