ಸಂಪಾದಕರ ಉತ್ತರ: ನಿಮಗೆ ಬೇಸರ ಬಂದ ಆ ನಿಮಿಷ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕಿಲ್ಲ. ಪತ್ರ ನಾಲ್ಕು ಪುಟ ಇರುವುದರಿಂದ ಪೂರ್ತಿ ಅಚ್ಚು ಮಾಡಲೂ ಆಗಲಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಹೇಳಿ ಮುಂದುವರಿಯುತ್ತೇನೆ.

ಕೆಲಸ ಮುಗಿಸಿ ಬಂದು ರಾತ್ರಿ ಒಂದೆರಡು ಗಂಟೆ ಫ್ಯಾಂಟಸಿ, ಆಕ್ಷನ್ ಸಿನಿಮಾ ಅಥವಾ ಸರಣಿ ನೋಡುವವರು ನೀವು. ಮೂಲ ಕಾದಂಬರಿಗಳನ್ನು ಓದಿಲ್ಲ, ನಿರ್ದೇಶಕರ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ ಎಂದಿದ್ದೀರಿ. ಈಚಿನ ಫೈಟುಗಳು ಎಷ್ಟು ವೇಗವೆಂದರೆ ಯಾರು ಯಾರಿಗೆ ಹೊಡೆದರು ಅನ್ನುವುದೇ ತಿಳಿಯುವುದಿಲ್ಲ. ಮಂತ್ರಶಕ್ತಿಯ ಕಥೆಯಲ್ಲಿ ಏನು ಬೇಕಾದರೂ ಆಗಬಹುದಾದ್ದರಿಂದ ನಾಯಕನಿಗೆ ಏನಾಗುತ್ತದೋ ಎಂಬ ಭಯ ಹುಟ್ಟುವುದಿಲ್ಲ. ಗ್ರಾಫಿಕ್ಸ್ ಅಂತ ಗೊತ್ತಾದ ಕೂಡಲೇ ಮನಸ್ಸು ಹಿಂದೆ ಸರಿಯುತ್ತದೆ. ದೊಡ್ಡ ಸರಣಿಗಳು ಕೊನೆಯಲ್ಲಿ ಕೈಕೊಡುತ್ತವೆ. ಇದನ್ನೆಲ್ಲ ಮನೆಯಲ್ಲಿ ಹೇಳಿದರೆ "ನಿಮಗೆ ಆ ಲೋಕವೇ ಗೊತ್ತಿಲ್ಲ" ಎಂದು ಬಾಯಿ ಮುಚ್ಚಿಸುತ್ತಾರಂತೆ. "ಹೊತ್ತು ಕಳೆಯಲು ನೋಡುವವನ ಅಭಿಪ್ರಾಯಕ್ಕೆ ಏನಾದರೂ ಬೆಲೆ ಇದೆಯೇ?" ಎಂಬುದು ನಿಮ್ಮ ಕೊನೆಯ ಸಾಲು.

ಖಂಡಿತ ಇದೆ. ಅಭಿಮಾನಿ ಸಿನಿಮಾ ನೋಡುವಾಗ ಕಾದಂಬರಿಯಲ್ಲಿ ಓದಿದ್ದು, ಹಿಂದಿನ ಭಾಗಗಳಲ್ಲಿ ಕಂಡಿದ್ದು, ತಾನೇ ಊಹಿಸಿಕೊಂಡಿದ್ದು ಎಲ್ಲವನ್ನೂ ಸೇರಿಸಿಕೊಂಡು ನೋಡುತ್ತಾನೆ. ತೆರೆಯ ಮೇಲೆ ಏನಾದರೂ ಬಿಟ್ಟುಹೋಗಿದ್ದರೆ ಅವನ ಮನಸ್ಸೇ ಅದನ್ನು ತುಂಬಿಕೊಡುತ್ತದೆ. ನಿಮಗೆ ಆ ಆಸರೆ ಇಲ್ಲ. ತೆರೆಯ ಮೇಲೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿನಿಮಾ ತನ್ನ ಕಾಲ ಮೇಲೆ ತಾನು ನಿಂತಿದೆಯೇ ಎಂಬ ಪರೀಕ್ಷೆ ನಡೆಯುವುದು ನಿಮ್ಮಂಥವರ ಎದುರೇ. ಆದ್ದರಿಂದ ನಿಮಗೆ ಬೇಸರ ಬಂತು ಎಂದರೆ ನಾನು ಒಂದು ಮಾತೂ ಎದುರಾಡದೆ ಒಪ್ಪುತ್ತೇನೆ. ಆದರೆ ಬೇಸರಕ್ಕೆ ನೀವು ಕೊಟ್ಟ ಕಾರಣಗಳನ್ನು ಮಾತ್ರ ಎಲ್ಲ ಕಡೆ ಒಪ್ಪಲಾರೆ.

ಫೈಟಿನ ವಿಷಯವನ್ನೇ ತೆಗೆದುಕೊಳ್ಳಿ. ವೇಗ ಹೆಚ್ಚಾಗಿದ್ದೇ ತೊಂದರೆ ಎಂದಿದ್ದೀರಿ. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಎರಡು ಗಂಟೆಯ ಚಿತ್ರ, ಅದರಲ್ಲಿ ಸುಮಾರು 2,700 ಶಾಟುಗಳಿವೆ. ಅಂದರೆ ಸರಾಸರಿ ಮೂರು ಸೆಕೆಂಡೂ ನಿಲ್ಲದೆ ಚಿತ್ರ ಬದಲಾಗುತ್ತಲೇ ಇರುತ್ತದೆ. ಆದರೂ ಲಾರಿಯ ಮೇಲೆ ಯಾರಿದ್ದಾರೆ, ಕೆಳಗೆ ಯಾರು ಜೋತುಬಿದ್ದಿದ್ದಾರೆ, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ಒಮ್ಮೆಯೂ ಗೊಂದಲವಾಗುವುದಿಲ್ಲ. ನಿರ್ದೇಶಕ ಜಾರ್ಜ್ ಮಿಲ್ಲರ್ ಮುಖ್ಯವಾದದ್ದನ್ನು ಚೌಕಟ್ಟಿನ ನಟ್ಟನಡುವೆ ಇಡಿಸಿದರು. ಒಂದು ಶಾಟಿನಲ್ಲಿ ನಡುವೆ ಮುಖ, ಮುಂದಿನದರಲ್ಲಿ ಅದೇ ಜಾಗದಲ್ಲಿ ಬಂದೂಕು, ಅದರ ಮುಂದಿನದರಲ್ಲಿ ಅದೇ ಜಾಗದಲ್ಲಿ ಚಕ್ರ. ಕಣ್ಣು ಅಲ್ಲಿಂದ ಇಲ್ಲಿಗೆ ಓಡಾಡಿ ಹುಡುಕುವ ಪ್ರಮೇಯವೇ ಬರುವುದಿಲ್ಲ. ಸುಮಾರು 480 ಗಂಟೆಯಷ್ಟು ಚಿತ್ರೀಕರಣವನ್ನು ಕುಳಿತು ನೋಡಿ ಎರಡು ಗಂಟೆಗೆ ಇಳಿಸಿದವರು ಮಾರ್ಗರೆಟ್ ಸಿಕ್ಸೆಲ್. ಅದಕ್ಕೆ ಮೊದಲು ಅವರು ಆಕ್ಷನ್ ಚಿತ್ರವನ್ನೇ ಎಡಿಟ್ ಮಾಡಿದವರಲ್ಲ. ಆ ಕೆಲಸಕ್ಕೆ ಅವರಿಗೆ ಆಸ್ಕರ್ ಬಂತು.

ನಿಮಗೆ ತಲೆ ಸುತ್ತಿಸುವ ಫೈಟುಗಳಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಒಂದು ಶಾಟಿನಲ್ಲಿ ಮುಷ್ಟಿ ಎಡಮೂಲೆಯಲ್ಲಿ, ಮುಂದಿನದರಲ್ಲಿ ಬೀಳುವವನು ಬಲಮೂಲೆಯಲ್ಲಿ, ಜೊತೆಗೆ ಕ್ಯಾಮೆರಾ ನಡುಗುತ್ತಿರುತ್ತದೆ. ಕಣ್ಣು ಜಾಗ ಹುಡುಕುವಷ್ಟರಲ್ಲಿ ಆ ಶಾಟ್ ಮುಗಿದೇ ಹೋಗಿರುತ್ತದೆ. ಗೂಢಚಾರನೊಬ್ಬನ ಕಥೆಯಾದ 'ಬೋರ್ನ್' ಸರಣಿಯ 2004 ಮತ್ತು 2007ರ ಚಿತ್ರಗಳಲ್ಲಿ ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್ ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಈ ತಳಮಳವನ್ನು ಬೇಕೆಂದೇ ತಂದರು. ಬೆನ್ನಟ್ಟಿಸಿಕೊಂಡು ಓಡುವವನ ಸ್ಥಿತಿ ಅದಕ್ಕೆ ಒಪ್ಪುತ್ತಿತ್ತು. ಆಮೇಲೆ ನಕಲು ಮಾಡಿದವರಲ್ಲಿ ಹಲವರಿಗೆ ಅದು ಮುಚ್ಚಿಡುವ ಉಪಾಯವಾಯಿತು. ನಟನಿಗೆ ಒದೆಯಲು ಬರುವುದಿಲ್ಲ, ಒದೆಯುವವನು ಡ್ಯೂಪ್, ಡ್ಯೂಪಿನ ಮುಖ ಕಾಣಬಾರದು. ಹಾಗಾಗಿ ಕತ್ತರಿಸು, ಅಲ್ಲಾಡಿಸು, ಹತ್ತಿರ ಹೋಗು.

ಮುಚ್ಚಿಡುವುದೇನೂ ಇಲ್ಲದಾಗ ಕ್ಯಾಮೆರಾ ಹಿಂದೆ ಸರಿದು ನಿಲ್ಲುತ್ತದೆ. 2014ರ 'ಜಾನ್ ವಿಕ್' ನಿರ್ದೇಶಿಸಿದ ಚ್ಯಾಡ್ ಸ್ಟಾಹೆಲ್‌ಸ್ಕಿ ಅದಕ್ಕೂ ಹದಿನೈದು ವರ್ಷ ಮೊದಲು 'ದಿ ಮ್ಯಾಟ್ರಿಕ್ಸ್'ನಲ್ಲಿ, ಎರಡೂ ಚಿತ್ರಗಳ ನಾಯಕ ನಟ ಕೀನು ರೀವ್ಸ್ ಅವರಿಗೇ ಡ್ಯೂಪ್ ಆಗಿದ್ದವರು. ನಟನಿಗೆ ತಿಂಗಳುಗಟ್ಟಲೆ ತರಬೇತಿ ಕೊಡಿಸಿ, ಅಡಿಯಿಂದ ಮುಡಿಯವರೆಗೆ ಇಡೀ ದೇಹ ಕಾಣುವಂತೆ ಉದ್ದುದ್ದ ಶಾಟುಗಳನ್ನು ತೆಗೆದರು. ಇನ್ನೂ ಹಿಂದಕ್ಕೆ ಹೋಗೋಣ. 1928ರ ಒಂದು ಮೂಕಿ ಚಿತ್ರದಲ್ಲಿ ನಟ ಬಸ್ಟರ್ ಕೀಟನ್ ಮಾಡಿದ ದೃಶ್ಯವನ್ನು ನೀವು ನೋಡಲೇಬೇಕು. 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಆ ಚಿತ್ರದ ಹೆಸರು. ಬಿರುಗಾಳಿಯಲ್ಲಿ ಅವನು ಒಂದು ಮನೆಯ ಮುಂದೆ, ನಮ್ಮತ್ತ ಮುಖ ಮಾಡಿ ನಿಂತಿದ್ದಾನೆ. ಬೆನ್ನ ಹಿಂದೆ ಮನೆಯ ಮುಂಗೋಡೆ ಅಷ್ಟಕ್ಕಷ್ಟೂ ಕಳಚಿಕೊಂಡು ಅವನ ಮೇಲೆ ಬೀಳುತ್ತದೆ. ಮೇಲಂತಸ್ತಿನ ಒಂದು ಕಿಟಕಿ ತೆರೆದಿದೆ. ಆ ಕಿಟಕಿಯ ಕಿಂಡಿ ಅವನ ಮೈಯನ್ನು ಸವರಿದಂತೆ ಇಳಿದುಬರುತ್ತದೆ. ದೂಳು ಇಳಿದಾಗ ಅವನು ನಿಂತಲ್ಲೇ ನಿಂತಿದ್ದಾನೆ. ಗೋಡೆ ನಿಜವಾದ್ದು, ತೂಕ ಸುಮಾರು ಎರಡು ಟನ್. ಒಂದು ಹೆಜ್ಜೆ ಆಚೀಚೆ ಆಗಿದ್ದರೆ ಸಾವು. ಗೋಡೆ, ಕಿಟಕಿ, ಮನುಷ್ಯ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವುದರಿಂದ ನಮ್ಮ ಎದೆ ಝಲ್ಲೆನ್ನುತ್ತದೆ. ಅದನ್ನೇ ಹತ್ತು ತುಂಡು ಮಾಡಿ ತೋರಿಸಿದ್ದರೆ ಇಷ್ಟು ವರ್ಷ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಇಂಥ ಕೆಲಸಕ್ಕೆ ಪ್ರಾಣ ಒಡ್ಡುವ ಸ್ಟಂಟ್ ಕಲಾವಿದರಿಗೆ ಆಸ್ಕರ್‌ನಲ್ಲಿ ಒಂದು ಸ್ಪರ್ಧಾ ವಿಭಾಗವೇ ಇರಲಿಲ್ಲ. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಅದು ಆರಂಭವಾಗಲಿದೆ ಎಂದು 2025ರಲ್ಲಿ ಅಕಾಡೆಮಿ ಪ್ರಕಟಿಸಿತು. ಬಹಳ ತಡ. ಈ ತಡ ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಇನ್ನು ಮಂತ್ರಶಕ್ತಿ. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಭಯವಿಲ್ಲ ಎಂಬ ನಿಮ್ಮ ಮಾತು ನಿಜ. ಆದರೆ ಒಳ್ಳೆಯ ಫ್ಯಾಂಟಸಿಯಲ್ಲಿ ಏನು ಬೇಕಾದರೂ ಆಗುವುದಿಲ್ಲ. ಭಸ್ಮಾಸುರನ ಕಥೆ ನೆನಪಿಸಿಕೊಳ್ಳಿ. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿ. ಇಷ್ಟೇ ವರ, ಇಷ್ಟೇ ಕಾನೂನು. ಕೇಳುವ ಮಗುವಿಗೂ ಬಾಯಿಪಾಠ. ವರ ಕೊಟ್ಟ ಶಿವನೇ ಓಡಬೇಕಾದಾಗ ನಮಗೆ ನಿಜವಾಗಿ ಗಾಬರಿಯಾಗುತ್ತದೆ, ಏಕೆಂದರೆ ಆ ಕಾನೂನಿಗೆ ಅವನೂ ಹೊರತಲ್ಲ. ಕೊನೆಯಲ್ಲಿ ಹೊಸ ಅಸ್ತ್ರವೇನೂ ಆಕಾಶದಿಂದ ಬೀಳುವುದಿಲ್ಲ. ಮೋಹಿನಿ ಕುಣಿಯುತ್ತಾಳೆ, ಅವನೂ ಕುಣಿಯುತ್ತಾನೆ, ಅವಳ ಕೈ ಅವಳ ತಲೆಯ ಮೇಲೆ, ಅವನ ಕೈ ಅವನ ತಲೆಯ ಮೇಲೆ. ಮೊದಲೇ ಹೇಳಿದ ಕಾನೂನೇ ಕಥೆಯನ್ನು ಮುಗಿಸುತ್ತದೆ. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯೊಳಗೆ ಇರುವ ಕಥೆಯೂ ಹಾಗೆಯೇ: ಗಿಳಿ ಕೈಗೆ ಸಿಕ್ಕಿತೆಂದರೆ ಮುಂದಿನದು ನಮಗೆ ಗೊತ್ತು, ಆದರೂ ಉಸಿರು ಬಿಗಿಹಿಡಿಯುತ್ತೇವೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಉಂಗುರ ತೊಟ್ಟರೆ ಮಾಯವಾಗಬಹುದು, ಆದರೆ ತೊಟ್ಟ ಗಳಿಗೆಯೇ ಶತ್ರುವಿನ ಕಣ್ಣಿಗೆ ಬೀಳುವ ಭಯ. ಶಕ್ತಿ ಇದೆ, ಅದಕ್ಕೆ ತೆರಬೇಕಾದ ದಂಡವೂ ಇದೆ. ನೀವು ಬೇಸತ್ತ ಕಥೆಗಳಲ್ಲಿ ದಂಡ ಇದ್ದಿರಲಾರದು. ಇಲ್ಲವೇ ಮೊದಲೇ ಹೇಳದೆ, ನಾಯಕ ಸಾಯುವ ಹೊತ್ತಿಗೆ ಹೊಸದೊಂದು ಶಕ್ತಿಯನ್ನು ಹೊರಗೆ ತೆಗೆದಿರಬೇಕು. ಅದು ನೋಡುವವರಿಗೆ ಮಾಡುವ ಮೋಸ.

ಗ್ರಾಫಿಕ್ಸ್ ಬಗ್ಗೆ ನೀವು ಸ್ವಲ್ಪ ಕಟುವಾದಿರಿ ಅನ್ನಿಸಿತು. ಸುಳ್ಳು ಎಂದು ಗೊತ್ತಿದ್ದೂ ನಾವು ನಂಬುತ್ತೇವೆ. 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್'ನಲ್ಲಿ ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಬರುತ್ತವೆ. ರೇ ಹ್ಯಾರಿಹೌಸೆನ್ ಆ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಫ್ರೇಮ್ ತೆಗೆಯುತ್ತ, ಕೆಲವೇ ನಿಮಿಷದ ದೃಶ್ಯಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕೂತರು. ಅವು ಬೊಂಬೆಗಳು ಎಂದು ಮಕ್ಕಳಿಗೂ ಗೊತ್ತು, ಮೈ ಜುಂ ಎನ್ನುವುದು ಮಾತ್ರ ತಪ್ಪುವುದಿಲ್ಲ. 1993ರ 'ಜುರಾಸಿಕ್ ಪಾರ್ಕ್'ನ ಎರಡು ಗಂಟೆಗಳಲ್ಲಿ ಡೈನೋಸಾರ್‌ಗಳು ಕಾಣಿಸುವುದು ಸುಮಾರು ಕಾಲು ಗಂಟೆ ಮಾತ್ರ. ದೊಡ್ಡ ಪ್ರಾಣಿ ಬರುವ ಮೊದಲು ಕಾರಿನ ಡ್ಯಾಶ್‌ಬೋರ್ಡ್ ಮೇಲಿನ ಲೋಟದ ನೀರಿನಲ್ಲಿ ಬಳೆಬಳೆಯಾಗಿ ಅಲೆಗಳು ಏಳುತ್ತವಲ್ಲ, ಅದನ್ನು ಮಾಡಿದ್ದು ಡ್ಯಾಶ್‌ಬೋರ್ಡಿನ ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿ. ಪ್ರಾಣಿ ಇನ್ನೂ ಬಂದಿಲ್ಲ, ಅದರ ಭಾರ ಬಂದಾಯಿತು. ನೆಲ, ನೀರು, ದೂಳು, ಮನುಷ್ಯರ ಮುಖ ಇವು ಮಣಿದರೆ ಗ್ರಾಫಿಕ್ಸ್ ಪ್ರಾಣಿಗೂ ತೂಕ ಬರುತ್ತದೆ. ಊರಿಗೆ ಊರೇ ಕುಸಿದರೂ ಯಾರ ಬಟ್ಟೆಗೂ ದೂಳು ಹತ್ತದಿದ್ದಾಗ ಮನಸ್ಸು ಹಿಂದೆ ಸರಿಯುತ್ತದೆ. ನಿಮಗಾದದ್ದು ಅದೇ ಇರಬೇಕು.

ಸರಣಿಯ ಕೊನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೇ ಸರಿಯಾಗಿ ಹೇಳಿದ್ದೀರಿ. 'ಗೇಮ್ ಆಫ್ ಥ್ರೋನ್ಸ್' ಮೊದಲ ಆರು ಸೀಸನ್‌ಗಳಲ್ಲಿ ಹತ್ತು ಹತ್ತು ಕಂತು ಇಟ್ಟುಕೊಂಡು, ಕೊನೆಯ ಎರಡಕ್ಕೆ ಏಳು ಮತ್ತು ಆರಕ್ಕೆ ಇಳಿಯಿತು. ಆರಂಭದಲ್ಲಿ ಒಂದು ಪ್ರಯಾಣಕ್ಕೆ ಕಂತುಗಟ್ಟಲೆ ಹಿಡಿಯುತ್ತಿತ್ತು, ದಾರಿಯಲ್ಲೇ ಮನುಷ್ಯರು ಬದಲಾಗುತ್ತಿದ್ದರು. ಕೊನೆಗೆ ಹೊರಟವರು ಅದೇ ಕಂತಿನಲ್ಲಿ ತಲುಪಿದರು, ಬದಲಾಗಲು ದಾರಿಯೇ ಉಳಿಯಲಿಲ್ಲ. ಅದರ 2019ರ ರಾತ್ರಿ ಯುದ್ಧದ ಕಂತಿಗೆ 55 ರಾತ್ರಿ ಚಿತ್ರೀಕರಣ ನಡೆದಿತ್ತು, ಆದರೂ ಏನೂ ಕಾಣಲಿಲ್ಲ ಎಂದು ಜಗತ್ತಿನಾದ್ಯಂತ ನೋಡುಗರು ದೂರಿದರು. ಛಾಯಾಗ್ರಾಹಕರು ಜನರ ಟೀವಿ ಸೆಟಿಂಗ್ ಕಡೆಗೂ ಬೊಟ್ಟು ಮಾಡಿದರು. ಈ ಜಗಳದಲ್ಲಿ ನಾನು ನೋಡುಗರ ಪಕ್ಷ. ಸರಣಿ ನೋಡುವುದೇ ಮನೆಯಲ್ಲಿ, ದೀಪ ಹಾಕಿಕೊಂಡು, ಸಾಮಾನ್ಯ ಟೀವಿಯಲ್ಲಿ. ಅಲ್ಲಿ ಕಾಣುವಂತೆ ತೆಗೆಯಬೇಕಾದ್ದು ಅವರ ಕೆಲಸ. ಆದರೂ ನಿಮ್ಮ ಟೀವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟಿಂಗ್ ಆನ್ ಆಗಿದ್ದರೆ ಆರಿಸಿಬಿಡಿ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾಕ್ಕೆ ಅದು ಇಲ್ಲದ ಫ್ರೇಮುಗಳನ್ನು ತುರುಕಿ, ದೊಡ್ಡ ಚಿತ್ರವನ್ನೂ ಧಾರಾವಾಹಿಯಂತೆ ಮಾಡುತ್ತದೆ.

ನಿಮ್ಮ ಪತ್ರದ ಮೂರನೇ ಪುಟದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಒಂದು ಸಾಲು ಇದೆ. ಒಂದು ರಾತ್ರಿ ನೀರು ಕುಡಿಯಲು ಎದ್ದವರು, ಲೋಟ ಕೈಯಲ್ಲಿ ಹಿಡಿದು ಬಾಗಿಲ ಬಳಿಯೇ ನಿಂತು ಒಂದು ಕಾಳಗವನ್ನು ಪೂರ್ತಿ ನೋಡಿದಿರಿ, ಮುಗಿದ ಮೇಲೆಯೇ ನೀರು ಕುಡಿದಿರಿ ಎಂದು. ಅದು ಯಾವ ಚಿತ್ರ ಎಂದು ಬರೆದಿಲ್ಲ. ದಯವಿಟ್ಟು ಇನ್ನೊಮ್ಮೆ ಹಾಕಿ ನೋಡಿ, ಎಷ್ಟನೇ ನಿಮಿಷಕ್ಕೆ ಎದ್ದಿರಿ, ಯಾವ ಶಾಟ್ ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿತು ಎಂದು ಬರೆದು ಕಳಿಸಿ. ಬೇಸರ ಬಂದು ಆರಿಸಿದ ಒಂದು ಚಿತ್ರದ ನಿಮಿಷವನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಎರಡನ್ನೂ ಜೊತೆಯಲ್ಲಿಟ್ಟು ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಪ್ರಕಟಿಸುತ್ತೇನೆ, ಆಗಲೂ ನಿಮ್ಮ ಹೆಸರಿಲ್ಲದೆಯೇ.

ವಿಶ್ವಾಸದಿಂದ,
ಸಂಪಾದಕ