ಟಿಕೆಟ್ ಕಳೆದುಹೋದರೂ ಪರಿಹಾರ ಉಂಟು

ಕಾನೂನು ಪ್ರಶ್ನೋತ್ತರ

ರೈಲು, ಬಸ್ಸುಗಳಲ್ಲಿ ಗಾಯಗೊಂಡವರ ಮತ್ತು ಅವರ ಮನೆಯವರ ಪತ್ರಗಳೇ ಈ ಸಲ ಹೆಚ್ಚು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ಹೆಸರು ಹಾಕಿಲ್ಲ.

ಪ್ರಶ್ನೆ: ನನ್ನ ತಮ್ಮ ಬೆಂಗಳೂರಿನಿಂದ ಊರಿಗೆ ಬರುವಾಗ ತಿಪಟೂರಿನಲ್ಲಿ ನೀರು ತರಲೆಂದು ಇಳಿದಿದ್ದ. ಅಷ್ಟರಲ್ಲಿ ರೈಲು ಹೊರಟಿತು. ಓಡಿ ಬಂದು ಹತ್ತುವಾಗ ಕೈ ಜಾರಿ ಬಿದ್ದ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಜನರಲ್ ಟಿಕೆಟ್ ಜೇಬಿನಲ್ಲಿತ್ತು. ಆಸ್ಪತ್ರೆಯಲ್ಲಿ ಪ್ಯಾಂಟು ಕತ್ತರಿಸಿ ಬಿಸಾಡಿದರಂತೆ. ‘ಓಡುವ ರೈಲು ಹತ್ತಿದ್ದು ನಿಮ್ಮದೇ ತಪ್ಪು, ಟಿಕೆಟ್ಟೂ ಇಲ್ಲ, ಏನೂ ಸಿಗಲ್ಲ’ ಎನ್ನುತ್ತಾರೆ. ಹತ್ತು ತಿಂಗಳಾಯಿತು. ಏನು ಮಾಡಬಹುದು? (ಅರಸೀಕೆರೆ)

ಉತ್ತರ: ನಿಮಗೆ ಹೇಳಿದ ಎರಡೂ ಮಾತು ತಪ್ಪು. ಆದರೆ ಮೊದಲು ಗಡುವಿನ ವಿಚಾರ. ರೈಲು ಪರಿಹಾರದ ನ್ಯಾಯಮಂಡಳಿಯಾದ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕಲು ಘಟನೆ ನಡೆದ ದಿನದಿಂದ ಒಂದು ವರ್ಷ ಸಮಯ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು. ಆದರೆ ಎರಡು ತಿಂಗಳು ಕೈಯಲ್ಲಿರುವಾಗ ಆ ಉಸಾಬರಿ ಏಕೆ? ಇರುವ ಕಾಗದಗಳ ಜೊತೆ ಈಗಲೇ ಅರ್ಜಿ ಹಾಕಿ, ಉಳಿದದ್ದನ್ನು ಆಮೇಲೆ ಕೊಡಿ.

ಇನ್ನು ತಪ್ಪಿನ ಮಾತು. 1989ರ ರೈಲ್ವೆ ಕಾಯಿದೆಯ 124ಎ ಕಲಮಿನಡಿ ಪ್ರಯಾಣಿಕ ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ ಅದು ‘ಅಹಿತಕರ ಘಟನೆ’. ರೈಲ್ವೆಯ ತಪ್ಪಿದೆಯೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಪರಿಹಾರ ತಪ್ಪುವುದು ಐದೇ ಸಂದರ್ಭಗಳಲ್ಲಿ: ಆತ್ಮಹತ್ಯೆ ಅಥವಾ ಅದರ ಯತ್ನ, ತಾನೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಕುಡಿತ ಅಥವಾ ಬುದ್ಧಿಭ್ರಮಣೆಯ ಸ್ಥಿತಿ, ಮತ್ತು ಸಹಜ ಕಾಯಿಲೆ. ಅಜಾಗರೂಕತೆ ಈ ಪಟ್ಟಿಯಲ್ಲಿಲ್ಲ. ರೈಲು ಹತ್ತಲು ಹೋಗಿ ಬಿದ್ದವರ ವಿಷಯವನ್ನು ಸುಪ್ರೀಂ ಕೋರ್ಟ್ 2008ರಲ್ಲೇ ಪ್ರಭಾಕರನ್ ವಿಜಯಕುಮಾರ್ ಪ್ರಕರಣದಲ್ಲಿ ತೀರ್ಮಾನಿಸಿದೆ. 2018ರ ರೀನಾ ದೇವಿ ತೀರ್ಪು ಅದನ್ನೇ ಇನ್ನಷ್ಟು ಬಿಡಿಸಿ ಹೇಳಿತು: ಹತ್ತುವಾಗ, ಇಳಿಯುವಾಗ ಬಿದ್ದು ಆದ ಗಾಯವನ್ನು ‘ತಾನೇ ಮಾಡಿಕೊಂಡದ್ದು’ ಎನ್ನಬೇಕಾದರೆ ಗಾಯ ಮಾಡಿಕೊಳ್ಳುವ ಉದ್ದೇಶವೇ ಇರಬೇಕು. ನಮ್ಮ ಚನ್ನಪಟ್ಟಣದಲ್ಲೇ ತಪ್ಪು ರೈಲು ಹತ್ತಿದ ಮಹಿಳೆಯೊಬ್ಬರು ಗಾಬರಿಯಿಂದ ಇಳಿಯಲು ಹೋಗಿ ತೀರಿಕೊಂಡಿದ್ದರು. ಅವರ ಕುಟುಂಬಕ್ಕೆ ಪರಿಹಾರ ಕೊಡಲು ಕರ್ನಾಟಕ ಹೈಕೋರ್ಟ್ ಆದೇಶಿಸಿತು.

ಟಿಕೆಟ್ ವಿಷಯವನ್ನೂ ರೀನಾ ದೇವಿ ತೀರ್ಪೇ ಬಗೆಹರಿಸಿದೆ. ಟಿಕೆಟ್ ಸಿಗಲಿಲ್ಲ ಎಂದ ಮಾತ್ರಕ್ಕೆ ಅವನು ಪ್ರಯಾಣಿಕನಲ್ಲ ಎನ್ನಲಾಗದು. ಪ್ರಯಾಣದ ವಿವರ ಕೊಟ್ಟು ಅಫಿಡವಿಟ್ ಸಲ್ಲಿಸಿದರೆ ನಿಮ್ಮ ಮೊದಲ ಹೊರೆ ಇಳಿಯುತ್ತದೆ. ಆಮೇಲೆ ಅಲ್ಲಗಳೆಯುವ ಹೊಣೆ ರೈಲ್ವೆಯದು. ಹೆಚ್ಚಿನ ಅರ್ಜಿಗಳು ಎಡವುವುದು ಈ ಅಫಿಡವಿಟ್‌ನಲ್ಲೇ. ‘ಸರಿಯಾದ ಟಿಕೆಟ್ ಪಡೆದು ಪ್ರಯಾಣಿಸುತ್ತಿದ್ದನು’ ಎಂಬ ಒಂದು ಸಾಲಿಗೆ ಬೆಲೆಯಿಲ್ಲ. ಯಾವ ನಿಲ್ದಾಣದ ಯಾವ ಕೌಂಟರ್, ಸುಮಾರು ಎಷ್ಟು ಹೊತ್ತಿಗೆ, ಎಷ್ಟು ರೂಪಾಯಿ, ನಗದೋ ಫೋನಿನಲ್ಲೋ, ಯಾವ ರೈಲು, ಬೋಗಿ ಮುಂದಿನದೋ ಹಿಂದಿನದೋ, ಏಕೆ ಹೊರಟಿದ್ದ, ನಿಲ್ದಾಣಕ್ಕೆ ಬಿಟ್ಟವರು ಯಾರು, ಎಲ್ಲ ಬರಲಿ. ಬಿಟ್ಟುಬಂದವರು ಇನ್ನೊಂದು ಅಫಿಡವಿಟ್ ಕೊಡಲಿ. ಟಿಕೆಟ್ಟಿಗೆ ಯುಪಿಐ ಮೂಲಕ ಹಣ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲೇ ಸಾಕ್ಷಿ. ಇಂಥ ನಿಲ್ದಾಣದಿಂದ ಇಂಥ ನಿಲ್ದಾಣಕ್ಕೆ ಆ ಹೊತ್ತಿನಲ್ಲಿ ಮಾರಾಟವಾದ ಟಿಕೆಟ್‌ಗಳ ವಿವರ ರೈಲ್ವೆಯ ಕಂಪ್ಯೂಟರಿನಲ್ಲಿರುತ್ತದೆ. ಅದನ್ನು ತರಿಸಿ ಎಂದು ಟ್ರಿಬ್ಯುನಲ್ಲನ್ನೇ ಕೇಳಬಹುದು.

ನಿಜವಾದ ಜಗಳ ನಡೆಯುವುದು ಬೇರೆ ಕಡೆ. ‘ಬಿದ್ದದ್ದಲ್ಲ, ಹಳಿ ದಾಟುವಾಗ ರೈಲು ಬಡಿದದ್ದು’ ಎಂಬುದು ರೈಲ್ವೆ ಎತ್ತುವ ಮಾಮೂಲಿ ತಕರಾರು. ಹಳಿ ದಾಟುವವನು ಪ್ರಯಾಣಿಕನಲ್ಲ, ಅತಿಕ್ರಮಿ. ಅವನಿಗೆ 124ಎ ಇಲ್ಲ. ಆದ್ದರಿಂದ ಮೂರು ಕಾಗದಗಳಲ್ಲಿ ಮೊದಲ ದಿನ ಏನು ಬರೆದಿದ್ದಾರೆ ಎಂದು ಇವತ್ತೇ ನೋಡಿ: ಸ್ಟೇಷನ್ ಮಾಸ್ಟರ್ ಪೊಲೀಸರಿಗೆ ಕೊಟ್ಟ ಮೆಮೊ, ರೈಲ್ವೆ ಪೊಲೀಸರ ದಾಖಲೆ, ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಆಸ್ಪತ್ರೆ ಬರೆದಿಡುವ ಎಂಎಲ್‌ಸಿ ರಿಜಿಸ್ಟರ್. ‘ರೈಲಿನಿಂದ ಬಿದ್ದು’ ಎಂದಿದ್ದರೆ ಅರ್ಧ ಕೆಲಸ ಮುಗಿದಂತೆ. ‘ರೈಲು ಡಿಕ್ಕಿ’ ಎಂದಿದ್ದರೆ ಅದನ್ನು ಹೇಳಿದವರು ಯಾರು, ಕಣ್ಣಾರೆ ಕಂಡವರೇ ಅಥವಾ ಆಮೇಲೆ ಬಂದ ಡ್ಯೂಟಿಯವರೇ ಎಂದು ಪಾಟೀಸವಾಲಿನಲ್ಲಿ ಹೊರಗೆ ತೆಗೆಯಬೇಕು. ಕೇಸ್ ಶೀಟಿನಲ್ಲಿ ‘ಮದ್ಯದ ವಾಸನೆ’ ಎಂಬ ಎರಡು ಪದ ಇದೆಯೇ, ಇದ್ದರೆ ರಕ್ತ ಪರೀಕ್ಷೆ ಮಾಡಿದ್ದರೇ ಎಂಬುದನ್ನೂ ನೋಡಿ. ಪರೀಕ್ಷೆಯೇ ಇಲ್ಲದ ವಾಸನೆಯ ಮಾತನ್ನು ಬಲವಾಗಿ ಎದುರಿಸಬಹುದು. ಇಂಥ ಘಟನೆಗೆ ರೈಲ್ವೆ ತನ್ನದೇ ತನಿಖೆ ನಡೆಸಿ ವಿಭಾಗೀಯ ವ್ಯವಸ್ಥಾಪಕರ ವರದಿ, ಅಂದರೆ ಡಿಆರ್‌ಎಂ ರಿಪೋರ್ಟ್, ಸಿದ್ಧಪಡಿಸಬೇಕು. ಅದರ ಪ್ರತಿಯನ್ನೂ ಕೇಳಿ ಪಡೆಯಿರಿ.

ಹಣ ಎಷ್ಟು? ಇದಕ್ಕೆ ಆದಾಯದ ಲೆಕ್ಕವಿಲ್ಲ. ಕೂಲಿಯವನಾದರೂ ಸರಿ, ಕಂಪನಿ ಮ್ಯಾನೇಜರ್ ಆದರೂ ಸರಿ, ಅದೇ ಮೊತ್ತ. 2017ರ ಜನವರಿ 1ರಿಂದ ಸಾವಿಗೆ 8 ಲಕ್ಷ ರೂಪಾಯಿ. ಎರಡೂ ಕೈ ಹೋದರೆ, ಪೂರ್ತಿ ದೃಷ್ಟಿ ಹೋದರೆ ಅಷ್ಟೇ. ಉಳಿದ ಗಾಯಗಳಿಗೆ ನಿಯಮಾವಳಿಯ ಪಟ್ಟಿಯಲ್ಲಿ ಒಂದೊಂದಕ್ಕೆ ಒಂದೊಂದು ಮೊತ್ತ. ಕಾಲು ತೆಗೆದಾಗ ಎಷ್ಟು ಉಳಿದಿದೆ ಎಂಬುದರ ಮೇಲೆ ಪಟ್ಟಿಯ ಸಾಲು ಬದಲಾಗುತ್ತದೆ, ಅದೂ ಇಂಚಿನ ಲೆಕ್ಕದಲ್ಲಿ. ಡಾಕ್ಟರ ಸರ್ಟಿಫಿಕೇಟಿನಲ್ಲಿ ‘ಮೊಣಕಾಲ ಕೆಳಗೆ ಕತ್ತರಿಸಲಾಗಿದೆ’ ಎಂದಷ್ಟೇ ಇದ್ದರೆ ಸಾಲದು. ಮೊಣಕಾಲಿನಿಂದ ಕೆಳಗೆ ಉಳಿದ ಮೋಟಿನ ಉದ್ದ ಇಷ್ಟು ಇಂಚು ಎಂದು ಬರೆಸಿಕೊಳ್ಳಿ. ಅರ್ಧ ಇಂಚಿಗೆ ಸಾಲೇ ಬದಲಾಗಬಹುದು.

ಅರ್ಜಿ ನಮೂನೆ 2ರಲ್ಲಿ. ಎದುರುದಾರರು ಭಾರತ ಸರ್ಕಾರ, ಹುಬ್ಬಳ್ಳಿಯ ನೈಋತ್ಯ ರೈಲ್ವೆ ಜನರಲ್ ಮ್ಯಾನೇಜರ್ ಮೂಲಕ. ಸಲ್ಲಿಸುವುದು ಬೆಂಗಳೂರು ಪೀಠಕ್ಕೆ. ಆದೇಶ ಸರಿಯೆನಿಸದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಪರಿಹಾರದ ಹಣ ಬೀಳುವ ಬ್ಯಾಂಕ್ ಖಾತೆ ತಮ್ಮನ ಹೆಸರಿನಲ್ಲೇ ಇರಲಿ. ‘ಜಂಟಿ ಖಾತೆ ತೆರೆಯೋಣ’ ಎನ್ನುವ ಮಧ್ಯವರ್ತಿಯನ್ನು ಹತ್ತಿರ ಸೇರಿಸಬೇಡಿ.

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ, ತರಕಾರಿ ವ್ಯಾಪಾರ. ಸರ್ಕಾರಿ ಬಸ್ಸಿನಿಂದ ಇಳಿಯುತ್ತಿದ್ದಾಗ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಂತೆಯೇ ಬಸ್ ಹೊರಟಿತು. ಬಿದ್ದು ಸೊಂಟದ ಮೂಳೆ ಮುರಿಯಿತು, ರಾಡ್ ಹಾಕಿದ್ದಾರೆ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಆದ್ದರಿಂದ ಕೇಳುವ ಹಕ್ಕಿಲ್ಲ ಎಂದರು. ಕಂಡಕ್ಟರ್ ಆಸ್ಪತ್ರೆಗೆ ಸೇರಿಸಿ, ‘ಕಂಪ್ಲೇಂಟ್ ಬೇಡ, ನೋಡ್ಕೊತೀವಿ’ ಎಂದಿದ್ದರಿಂದ ಪೊಲೀಸರ ಬಳಿ ಹೋಗಲಿಲ್ಲ. ನಾಲ್ಕು ತಿಂಗಳಾಗಿದೆ. (ಧಾರವಾಡ ಜಿಲ್ಲೆ)

ಉತ್ತರ: ದುಡ್ಡು ಕೊಟ್ಟ ಟಿಕೆಟ್ಟೋ ಶೂನ್ಯ ದರದ ಟಿಕೆಟ್ಟೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹಾಗೆ ನೋಡಿದರೆ ಆ ಶೂನ್ಯ ಟಿಕೆಟ್ಟೇ ನಿಮಗೆ ಒಳ್ಳೆಯ ಸಾಕ್ಷಿ; ಅದರಲ್ಲಿ ದಿನಾಂಕ, ಸಮಯ, ಬಸ್ಸಿನ ವಿವರ ಅಚ್ಚಾಗಿರುತ್ತದೆ. ಆ ಶಾಯಿ ಬೇಗ ಮಾಸಿಹೋಗುತ್ತದೆ, ಇವತ್ತೇ ಫೋಟೊ ತೆಗೆದಿಟ್ಟುಕೊಳ್ಳಿ.

ಬಸ್ಸಿನದು ರೈಲಿನಂತಲ್ಲ. ಇಲ್ಲಿ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನ ಅರ್ಜಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ. ಚಾಲಕನ ನಿರ್ಲಕ್ಷ್ಯವನ್ನು ನೀವು ತೋರಿಸಬೇಕು, ಆಮೇಲೆ ಎಷ್ಟು ಹಣ ಎಂಬುದಕ್ಕೂ ವಾದಿಸಬೇಕು. ತಪ್ಪು ತೋರಿಸದೆಯೂ 164ರ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿ ಇದೆ. ಆದರೆ ಅದನ್ನು ತೆಗೆದುಕೊಂಡರೆ 166 ಮುಚ್ಚುತ್ತದೆ. ನಿಮ್ಮ ತಾಯಿಯ ಪ್ರಕರಣದಲ್ಲಿ ಎರಡನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡದೆ ಆರಿಸಬೇಡಿ.

ಲೆಕ್ಕ ಹೀಗೆ. ತಿಂಗಳ ಆದಾಯ 12,000 ಎಂದು ನ್ಯಾಯಮಂಡಳಿ ಒಪ್ಪಿತೆನ್ನಿ. ವರ್ಷಕ್ಕೆ 1,44,000. 56ರಿಂದ 60 ವಯಸ್ಸಿಗೆ ಗುಣಕ 9. ಇದು 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದ್ದು. ಗುಣಿಸಿದರೆ 12,96,000. ದುಡಿಮೆಯ ನಷ್ಟ ಶೇ. 20 ಎಂದಾದರೆ 2,59,200. ಇದರ ಮೇಲೆ ಆಸ್ಪತ್ರೆ ಬಿಲ್, ನೋವು, ಮಲಗಿದ್ದ ತಿಂಗಳುಗಳ ಸಂಪಾದನೆ, ನೋಡಿಕೊಂಡವರ ಖರ್ಚು, ಊಟ, ಓಡಾಟ, ಮುಂದೆ ರಾಡ್ ತೆಗೆಸುವ ವೆಚ್ಚ. ಎಡವುವುದು ಆ ಶೇಕಡಾವಾರಿನಲ್ಲಿ. ಡಾಕ್ಟರು ಕಾಲಿಗೆ ಶೇ. 45 ಎಂದು ಬರೆದರೆ ಇಲ್ಲಿನ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುತ್ತವೆ. ಆದರೆ ಕೇಳಬೇಕಾದದ್ದು ದೇಹದ ಲೆಕ್ಕವಲ್ಲ, ಕಸುಬಿನ ಲೆಕ್ಕ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳುವುದು ಇದನ್ನೇ. ನೆಲದ ಮೇಲೆ ಕೂತು ತರಕಾರಿ ಮಾರುವವರಿಗೆ ಕುಕ್ಕರುಗಾಲಲ್ಲಿ ಕೂರಲಾಗದು, ಬುಟ್ಟಿ ಹೊರಲಾಗದು ಎಂದರೆ ನಷ್ಟ ಶೇ. 15ರದ್ದಲ್ಲ. ಡಾಕ್ಟರು ಸಾಕ್ಷಿ ಹೇಳುವಾಗ ಈ ಎರಡು ಮಾತು ಅವರ ಬಾಯಲ್ಲಿ ಬರಬೇಕು. ವ್ಯಾಪಾರಕ್ಕೆ ಸಂತೆ ಸುಂಕದ ರಸೀದಿ, ಬೀದಿ ವ್ಯಾಪಾರಿ ಕಾರ್ಡು, ಸ್ವಸಹಾಯ ಸಂಘದ ಪಾಸ್‌ಬುಕ್ ಏನಿದ್ದರೂ ಕೊಡಿ. ಏನೂ ಇಲ್ಲದಿದ್ದರೆ ಆ ವರ್ಷಕ್ಕೆ ನಿಗದಿಯಾದ ಕಾಲ್ಪನಿಕ ಆದಾಯಕ್ಕೆ ತೃಪ್ತಿಪಡಬೇಕು.

ಈಗ ತಕ್ಷಣದ ಕೆಲಸ. ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ, ತಡವಾದದ್ದಕ್ಕೆ ಕಾರಣವನ್ನು ಅದರಲ್ಲೇ ಬರೆಯಿರಿ: ಆಸ್ಪತ್ರೆಯಲ್ಲಿದ್ದರು, ನೋಡಿಕೊಳ್ಳುತ್ತೇವೆ ಎಂದು ನಂಬಿಸಿದರು. ಮೊದಲ ದಿನದ ಆಸ್ಪತ್ರೆ ದಾಖಲೆಯಲ್ಲಿ ‘ಬಸ್ಸಿನಿಂದ ಬಿದ್ದು’ ಎಂದಿದ್ದರೆ ತಡವಾದ ದೂರೂ ನಿಲ್ಲುತ್ತದೆ. ‘ಮನೆಯಲ್ಲಿ ಜಾರಿ ಬಿದ್ದು’ ಎಂದು ಬರೆಸಿದ್ದರೆ ಕಷ್ಟ. ಕಂಪ್ಲೇಂಟ್ ಬೇಡ ಎನ್ನುವವರು ಎಷ್ಟೋ ಸಲ ಅದನ್ನೂ ಬರೆಸಿರುತ್ತಾರೆ. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಇವುಗಳ ದೃಢೀಕೃತ ಪ್ರತಿ ಬೇಕು. ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಆ ಭರವಸೆಯಲ್ಲಿ ಕೂರಬೇಡಿ. ನೀವು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100.

ಸರ್ಕಾರಿ ಬಸ್ಸುಗಳಲ್ಲಿ ಹಲವಕ್ಕೆ ವಿಮಾ ಕಂಪನಿ ಇರುವುದಿಲ್ಲ, ನಿಗಮವೇ ತನ್ನ ನಿಧಿಯಿಂದ ಕಟ್ಟುತ್ತದೆ. ಆದೇಶವಾದ ಮೇಲೂ ಕಟ್ಟದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂದು ಕೇಳುವ ಅರ್ಜಿ, ಹಾಕಿ. ‘ಕೋರ್ಟ್ ಅಮೀನರಿಂದ ಬಸ್ ಜಪ್ತಿ’ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು ಇದೇ.

ಪ್ರಶ್ನೆ: ಭಾವ ಮುಂಬೈಯಲ್ಲಿ ಕೆಲಸದಲ್ಲಿದ್ದರು. ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಹೋಗುವಾಗ ಬಿದ್ದು ತೀರಿಕೊಂಡರು. ಸೀಸನ್ ಪಾಸ್ ಸಿಕ್ಕಿದೆ, ಅದರ ಗುರುತಿನ ಚೀಟಿ ಸಿಕ್ಕಿಲ್ಲ. ಅಕ್ಕ ಈಗ ವಿಜಯಪುರದಲ್ಲಿದ್ದಾಳೆ. ಮುಂಬೈಗೇ ಅಲೆಯಬೇಕೇ? ಅತ್ತೆ ಮಾವನೂ ಪಾಲು ಕೇಳುತ್ತಿದ್ದಾರೆ.

ಉತ್ತರ: ಅಲೆಯಬೇಕಿಲ್ಲ. ಅರ್ಜಿದಾರರು ವಾಸಿಸುವ ಜಾಗದ ವ್ಯಾಪ್ತಿಯ ಪೀಠದಲ್ಲೂ ಹಾಕಬಹುದು. ಬಾಗಿಲಲ್ಲಿ ನಿಂತದ್ದು ನಿರ್ಲಕ್ಷ್ಯವಿರಬಹುದು, ಅಪರಾಧ ಕೃತ್ಯವಲ್ಲ ಎಂದು 2010ರ ಜಮೀಲಾ ತೀರ್ಪು ಹೇಳಿದೆ. ಗುರುತಿನ ಚೀಟಿ ಇಲ್ಲದ ಪಾಸ್ ಅಸಿಂಧು ಎಂದು ರೈಲ್ವೆ ಖಂಡಿತ ವಾದಿಸುತ್ತದೆ. ಪಾಸ್ ಕೊಟ್ಟ ಕೌಂಟರಿನ ದಾಖಲೆ, ಹಳೆಯ ಪಾಸ್‌ಗಳು, ಕಚೇರಿಯ ಹಾಜರಿ ಪುಸ್ತಕದ ಪ್ರತಿ ಜೊತೆಗಿಡಿ. ಹೆಂಡತಿ, ಮಕ್ಕಳು (ಮದುವೆಯಾದ ಮಗಳೂ ಸೇರಿ) ನೇರ ಹಕ್ಕುದಾರರು. ವಿವಾಹಿತನ ತಂದೆತಾಯಿ ಪೂರ್ತಿಯಾಗಿಯೋ ಭಾಗಶಃವೋ ಅವನನ್ನೇ ಅವಲಂಬಿಸಿದ್ದರೆ ಅವರೂ ಹಕ್ಕುದಾರರೇ. ಊರಿಗೆ ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದರೆ ಅವರನ್ನು ಅರ್ಜಿಯಲ್ಲಿ ಸೇರಿಸಿಕೊಳ್ಳುವುದೇ ಜಾಣತನ. ಬಿಟ್ಟರೆ ಆಮೇಲೆ ಅವರು ಬೇರೆ ಅರ್ಜಿ ಹಾಕಿ ಎಲ್ಲರ ಹಣವೂ ನಿಲ್ಲುತ್ತದೆ. ಪಾಲು ಎಷ್ಟೆಷ್ಟು ಎಂಬುದನ್ನು ಟ್ರಿಬ್ಯುನಲ್ ನಿಗದಿ ಮಾಡುತ್ತದೆ.

ಪ್ರಶ್ನೆ: ಅಪಘಾತದ ದಿನ ರೈಲ್ವೆಯವರು 50,000 ರೂಪಾಯಿ ಕೊಟ್ಟರು. ಟಿಕೆಟ್ ಬುಕ್ ಮಾಡುವಾಗ 45 ಪೈಸೆಯ ವಿಮೆಯನ್ನೂ ತೆಗೆದುಕೊಂಡಿದ್ದೆ. ಎಲ್ಲ ಸೇರಿಸಿ ಕೇಳಬಹುದೇ?

ಉತ್ತರ: ಕೇಳಬಹುದು, ಮೂರೂ ಬೇರೆ ಬೇರೆ. ಕೈಗೆ ಕೊಟ್ಟದ್ದು ತಕ್ಷಣದ ನೆರವು. 2023ರ ಸೆಪ್ಟೆಂಬರ್‌ನಿಂದ ರೈಲು ಅಪಘಾತದಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಸಣ್ಣ ಗಾಯಕ್ಕೆ 50,000. ಬೀಳುವಂಥ ಅಹಿತಕರ ಘಟನೆಯಲ್ಲಿ ಕ್ರಮವಾಗಿ 1.5 ಲಕ್ಷ, 50,000, 5,000. ಇದನ್ನು ಟ್ರಿಬ್ಯುನಲ್ ಮೊತ್ತದಿಂದ ಕಳೆಯುವುದಿಲ್ಲ. ವಿಮೆಯನ್ನು ಮೊಬೈಲಿಗೆ ಬಂದ ಸಂದೇಶದಲ್ಲಿರುವ ಕಂಪನಿಯಲ್ಲೇ ಕೇಳಬೇಕು: ಸಾವು ಅಥವಾ ಶಾಶ್ವತ ಪೂರ್ಣ ಊನಕ್ಕೆ 10 ಲಕ್ಷ, ಶಾಶ್ವತ ಭಾಗಶಃ ಊನಕ್ಕೆ 7.5 ಲಕ್ಷದವರೆಗೆ, ಆಸ್ಪತ್ರೆ ಖರ್ಚು 2 ಲಕ್ಷದವರೆಗೆ. ಬುಕ್ ಮಾಡಿದ ಮೇಲೆ ಬರುವ ಲಿಂಕಿನಲ್ಲಿ ನಾಮಿನಿ ಹೆಸರು ತುಂಬುವವರು ಕಡಿಮೆ. ಅದನ್ನು ಬಿಟ್ಟರೆ ಮನೆಯವರು ವಾರಸು ಪತ್ರಕ್ಕಾಗಿ ಓಡಾಡಬೇಕಾಗುತ್ತದೆ.

ಪ್ರಶ್ನೆ: ಮಗಳನ್ನು ರೈಲು ಹತ್ತಿಸಲು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ಸಾಮಾನು ಇಟ್ಟು ಇಳಿಯುವಾಗ ಬಿದ್ದೆ. ನಾನು ಪ್ರಯಾಣಿಕಳೇ?

ಉತ್ತರ: ಹೌದು. 124ಎ ಕಲಮಿನ ವಿವರಣೆಯಲ್ಲೇ ಪ್ಲಾಟ್‌ಫಾರ್ಮ್ ಟಿಕೆಟ್ಟಿನವರೂ ಸೇರಿದ್ದಾರೆ. ಆದರೆ ರೈಲಿನಿಂದ ಬಿದ್ದಿರಬೇಕು. ನಿಲ್ದಾಣದ ಮೆಟ್ಟಿಲಲ್ಲಿ ಜಾರಿದ್ದರೆ ಈ ದಾರಿಯಿಲ್ಲ. ನಿರ್ವಹಣೆಯ ಲೋಪ ತೋರಿಸಿ ಬೇರೆ ಮೊಕದ್ದಮೆ ಹೂಡಬೇಕು.

ಪ್ರಶ್ನೆ: ನಮ್ಮ ಮೆಟ್ರೊದಲ್ಲಿ ಗಾಯವಾದರೂ ಇದೇ ಟ್ರಿಬ್ಯುನಲ್ಲೇ?

ಉತ್ತರ: ಅಲ್ಲ. ಮೆಟ್ರೊಗೆ 2002ರ ಪ್ರತ್ಯೇಕ ಕಾಯಿದೆ, ಅದರಡಿ ಕ್ಲೇಮ್ಸ್ ಕಮಿಷನರ್ ಇದ್ದಾರೆ. ಗಾಯವಾದ ದಿನವೇ ಸ್ಟೇಷನ್ ಕಂಟ್ರೋಲರ್ ಬಳಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ಪತ್ರದಲ್ಲಿ ಇಂಥ ಪ್ಲಾಟ್‌ಫಾರ್ಮಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ಸಿಸಿಟಿವಿ ದೃಶ್ಯ ಅಳಿಸದೆ ಕಾಯ್ದಿಡಿ ಎಂದು ಕೇಳಿ. ದೃಶ್ಯ ಬಹಳ ದಿನ ಉಳಿಯುವುದಿಲ್ಲ, ಹೊಸ ರೆಕಾರ್ಡಿಂಗ್ ಹಳೆಯದರ ಮೇಲೆ ಬಂದು ಕೂರುತ್ತದೆ.